ಬೀಳುವವರ ಹಾಸಿಗೆ

ಅಂಗಡಿಯ ಹಿಂದಿನ ಕೋಣೆ,
ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ಮಿಡತೆ,

ಹೇಗಿದ್ದೀಯ ಮಗಳೇ? ಹಿಮ್ಮಡಿ ನೋವು ಇಳಿಯಿತೇ? ಬಿಸಿನೀರಲ್ಲಿ ಕಾಲಿಡಬೇಕು ಎಂದು ನಿನ್ನಮ್ಮ, ಐಸ್ ಇಡಬೇಕು ಎಂದು ನಾನು, ಇಲ್ಲಿ ಎರಡು ದಿನದಿಂದ ವಾದ ನಡೆದಿದೆ. ನಿನ್ನ ಡಾಕ್ಟರು ಹೇಳಿದಂತೆ ಮಾಡು, ಆದರೆ ಅವರು ಐಸ್ ಎಂದಿದ್ದರೆ ದಯವಿಟ್ಟು ನಿನ್ನಮ್ಮನಿಗೆ ಒಂದು ಸಾಲು ಬರೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಅರಳೆ ಧೂಳಿನ ಕೆಮ್ಮು ಎಂದಿನಂತೆ ಇದೆ. ಅದು ಕೇಳಿಸದಿದ್ದರೆ ಅಂಗಡಿ ಬಾಗಿಲು ಹಾಕಿದೆ ಎಂದು ಬೀದಿಯವರು ತಿಳಿಯುತ್ತಾರೆ. ನಿನ್ನಮ್ಮ ದಿಂಬಿನ ಚೀಲ ಹೊಲಿಯುತ್ತಾ ಟಿ.ವಿ. ಜೊತೆ ಜಗಳವಾಡುತ್ತಾಳೆ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಇದು ರಿಂಗಾಗಿ ನಿನ್ನನ್ನು ಕಾಡುವುದಿಲ್ಲ, ಮನಸ್ಸಾದಾಗ ಓದಿಕೋ.

ಮೊನ್ನೆ ನಿನ್ನ ಕೋಚ್ ಫೋನ್ ಮಾಡಿದ್ದರು. ಹಾರುವಾಗ ಪೋಲ್ ಮುರಿದು ನೀನು ಬಿದ್ದಾಗ ಆದ ಗಾಯವೆಲ್ಲ, ಹಿಮ್ಮಡಿಯ ಚೂರು ನೋವು ಬಿಟ್ಟರೆ, ಮಾಗಿದೆಯಂತೆ, ಓಟವೂ ಮೊದಲಿನಷ್ಟೇ ಚುರುಕಂತೆ. ಆದರೆ ಪೋಲ್ ಊರಬೇಕಾದ ಜಾಗಕ್ಕೆ ಬಂದೊಡನೆ ಗಕ್ಕನೆ ನಿಂತುಬಿಡುತ್ತೀಯಂತೆ, ಒಂದು ಸಲವೂ ನೆಲ ಬಿಟ್ಟಿಲ್ಲವಂತೆ. ಮುಂದಿನ ತಿಂಗಳ ಚಾಂಪಿಯನ್‌ಶಿಪ್ಪಿಗೆ ಹೆಸರು ಕೊಡುವುದೋ ಬಿಡುವುದೋ ಶುಕ್ರವಾರದೊಳಗೆ ತೀರ್ಮಾನವಾಗಬೇಕು ಎಂದರು. "ನಿಮ್ಮ ಮಾತು ಅಂದ್ರೆ ಅವಳಿಗೆ ಜೀವ. ಅಪ್ಪನಿಗೋಸ್ಕರ ಹಾರು ಅಂತ ಒಂದು ಮಾತು ಬರೀರಿ, ಸಾಕು" ಎಂದರು. ಒಳ್ಳೆಯ ಮನುಷ್ಯ, ನಿನ್ನ ಮೇಲಿನ ಅಭಿಮಾನಕ್ಕೇ ಹೇಳಿದ್ದು. ಹೂಂ ಎಂದು ಫೋನ್ ಇಟ್ಟೆ. ಆಮೇಲೆ ಕೈಲಿದ್ದ ದೊಡ್ಡ ಸೂಜಿ ಎಲ್ಲಿಟ್ಟೆನೆಂದೇ ಗೊತ್ತಾಗಲಿಲ್ಲ. ಹಾಸಿಗೆ ಹೊಲಿಯುವವನು ಸೂಜಿ ಕಳೆದುಕೊಂಡರೆ ಗಿರಾಕಿಯ ಬೆನ್ನಿನ ಗತಿ ಏನು ಹೇಳು! ಹೊಲಿದ ಹಾಸಿಗೆಯನ್ನೆಲ್ಲ ಬಿಚ್ಚಿ, ಇಬ್ಬರೂ ಅರಳೆಯಲ್ಲಿ ಮುಳುಗಿ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ನನ್ನ ಅಂಗಿಯ ಕಾಲರಿನಲ್ಲಿ. ನಿನ್ನಮ್ಮ ಬಯ್ಯಲಿಲ್ಲ, ನನ್ನ ಮನಸ್ಸು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು.

ಹುಡುಕುತ್ತಾ ಹಳೆಯದೆಲ್ಲ ನೆನಪಾಯಿತು. ಎದುರು ಮನೆಗೆ ಬಣ್ಣ ಬಳಿಯಲು ಬಂದವರ ಬಿದಿರು ಗಳ ಎತ್ತಿಕೊಂಡು, ಬಟ್ಟೆ ಒಣಹಾಕಿದ ಹಗ್ಗ ಹಾರಿ, ನನ್ನ ಅರಳೆ ರಾಶಿಯ ಮೇಲೆ ಬಿದ್ದವಳು ನೀನು. ಬಯ್ಯೋಣವೆಂದು ಬಾಯಿ ತೆರೆದರೆ ಬಾಯಿ ತುಂಬ ಅರಳೆ. ಅವತ್ತಿನಿಂದಲೇ ನೀನು ಮಿಡತೆ. ಶಾಲೆಯ ಡ್ರಿಲ್ ಮಾಸ್ತರು ನಿನ್ನ ಕೈಗೆ ನಿಜವಾದ ಪೋಲ್ ಕೊಟ್ಟಾಗ ಬೀಳಲು ಅಲ್ಲಿದ್ದದ್ದು ಬರೀ ಮರಳಿನ ಗುಂಡಿ. ಮಗಳಿಗೆಂದು ಅಂಗಡಿಯ ಒಳ್ಳೆಯ ಅರಳೆಯನ್ನೆಲ್ಲ ಜಡಿದು ಜಡಿದು ತುಂಬಿ, ಹೋಟೆಲಿನವರಿಗೂ ಹೊಲಿದುಕೊಡದಂಥ ಗಟ್ಟಿ ಹಾಸಿಗೆ ಮಾಡಿ ಗಾಡಿಯಲ್ಲಿ ತಂದೆ. ನೀನು ಬಿದ್ದೆ, ಹಲಗೆಯ ಮೇಲೆ ಬಿದ್ದಂತೆ ದಡ್ ಎಂದಿತು, ಮೊಣಕೈ ಊದಿಕೊಂಡಿತು. "ಸ್ವಾಮಿ, ಇದು ಮಲಗೋರ ಹಾಸಿಗೆ, ಬೀಳೋರದ್ದಲ್ಲ" ಎಂದು ಮಾಸ್ತರು ನಕ್ಕರು. ನೀನೂ ಅಳುತ್ತಲೇ ನಕ್ಕೆ. ನನ್ನ ಹೊಲಿಗೆಯನ್ನು ನಾನೇ ಬಿಚ್ಚಿ, ಫೋಮಿನ ಚೂರುಗಳನ್ನು ಸಡಿಲವಾಗಿ, ಗಾಳಿಯಾಡುವಂತೆ ತುಂಬಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಲೋಕವೆಲ್ಲ ಹೇಳುತ್ತದೆ. ನೀನು ಪ್ರತಿ ವರ್ಷ ಇನ್ನಷ್ಟು ಮೇಲಿಂದ ಬೀಳುತ್ತಾ ಬಂದೆ, ನಾನು ಇನ್ನಷ್ಟು ದಪ್ಪ ಹಾಸಿಗೆ ಹೊಲಿಯುತ್ತಾ ಬಂದೆ. ನನ್ನ ಕೈಯ ಕೆಲಸದಲ್ಲಿ ಅದಕ್ಕಿಂತ ಸಂತೋಷ ಕೊಟ್ಟದ್ದು ಬೇರೆ ಇಲ್ಲ.

ಆಮೇಲಿನದೆಲ್ಲ ಊರಿಗೇ ಗೊತ್ತು. ಬಸ್ಸಿನ ಕಿಟಕಿಯಿಂದ ಪೋಲ್ ಹೊರಗೆ ಚಾಚಿಕೊಂಡು ಹೋಗುವಾಗ ಕಂಡಕ್ಟರ್ "ಇದಕ್ಕೂ ಒಂದು ಟಿಕೆಟ್ ತಗೊಳ್ಳಿ, ನನಗಿಂತ ಉದ್ದ ಇದೆ" ಎಂದದ್ದು, ಮೊದಲ ಪದಕ ತಂದಾಗ ನಿನ್ನಮ್ಮ ಅದನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಮರೆತದ್ದು, ನೀನು ದೇಶದ ದಾಖಲೆ ಮುರಿದ ದಿನ ಗಿರಾಕಿಗಳೆಲ್ಲ ಅಂಗಡಿಗೆ ಬಂದು ಹಾಸಿಗೆಗಳ ಮೇಲೆ ಕುಣಿದು ಹಾಳು ಮಾಡಿದ್ದು. ಅಷ್ಟು ವರ್ಷ ಚಾಂಪಿಯನ್ ಆಗಿದ್ದವಳು ನೀನು. ಈಗ ಪತ್ರಿಕೆಯವರು ನಿನ್ನ ಕಥೆ ಮುಗಿಯಿತು ಎಂದು ಬರೆದಿದ್ದಾರೆ. ನಾಲಿಗೆಗೆ ಎಲುಬಿಲ್ಲ, ಪೆನ್ನಿಗೂ ಇಲ್ಲ ಎಂದುಕೊಂಡು ಆ ಹಾಳೆಯಲ್ಲಿ ಎರಡು ದಿಂಬು ಸುತ್ತಿ ಕೊಟ್ಟೆ. ಅದಕ್ಕೆ ಮೊದಲೇ ನಿನ್ನಮ್ಮ ಅದನ್ನು ಓದಿದ್ದಳು. ಆಮೇಲೆ "ಇದೆಂಥ ಆಟ ರೀ, ಗೆದ್ದೋಳೂ ಹಾರೋ ಅಡ್ಡಪಟ್ಟಿನ ಇನ್ನೂ ಮೇಲೇರಿಸಿ, ಕೊನೆಗೆ ಅದನ್ನ ಬೀಳಿಸಿಯೇ ಮನೆಗೆ ಬರಬೇಕು. ಇಷ್ಟು ವರ್ಷ ಅವಳು ಪ್ರತಿ ಸಲ ಬೀಳಿಸೇ ಬಂದಿದ್ದಾಳೆ, ನಾವು ಊಟ ಹಾಕಿಲ್ವಾ?" ಎಂದಳು. ನೀನು ಅಲ್ಲಿ ಒಬ್ಬಳೇ ಓಡಿ ಓಡಿ ನಿಲ್ಲುತ್ತಿರುವುದನ್ನು ನೆನೆದರೆ ಸಂಕಟವಾಗುತ್ತದೆ, ಅಷ್ಟೇ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕೋಣೆಯ ಗೆಳತಿಯೊಂದಿಗೆ ನಗು. ನಿನ್ನಮ್ಮನ ಮುತ್ತು, ಬೀದಿಯವರ ನೆನಪು, ನನ್ನ ಆಶೀರ್ವಾದ ಎಲ್ಲ ಇದೇ ಲಕೋಟೆಯಲ್ಲಿವೆ. ಜಾಗ ಸಾಲದಿದ್ದರೂ ಒತ್ತಿ ತುಂಬಿದ್ದೇನೆ.

ನಿನ್ನ
ಅಪ್ಪ

ಮರೆತೆ: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಕೋಚ್ ಹೇಳಿದ ಮಾತನ್ನು ನಾನು ಬರೆಯುವುದಿಲ್ಲ. ನನಗೋಸ್ಕರ ಹಾರಬೇಡ. ಚಾಂಪಿಯನ್‌ಶಿಪ್ ನೋಡಲು ನಾವಂತೂ ಬರುತ್ತೇವೆ, ಕ್ರೀಡಾಂಗಣದ ಸೀಟು ತೆಗೆದದ್ದಾಯಿತು. ಇಬ್ಬರಿಗೆ ಮೂರು ಸೀಟು ಯಾಕೆ ಎಂದು ಕೌಂಟರಿನಾಕೆ ಕೇಳಿದಳು. ನಡುವಿನದು ನಿನ್ನದು. ಹಾರುವ ಮನಸ್ಸಿಲ್ಲದಿದ್ದರೆ ನಮ್ಮಿಬ್ಬರ ಮಧ್ಯೆ ಕೂತು ಬೇರೆ ಹುಡುಗಿಯರು ಹಾರುವುದನ್ನು ನೋಡು. ಹಾರುತ್ತೀಯಾದರೆ ಆ ಸೀಟಿನಲ್ಲಿ ನಿನ್ನಮ್ಮ ತನ್ನ ಚೀಲ ಇಟ್ಟುಕೊಳ್ಳುತ್ತಾಳೆ.