ಆಚೆ ದಡದವರಿಗಾಗಿ

ಆಗಸ್ಟ್ ೨೧, ಗುರುವಾರ

ಪ್ರೀತಿಯ ಚಿನ್ನುಗೆ, ಅಕ್ಕನ ಆಶೀರ್ವಾದ.

ನಿನ್ನ ಎರಡೂ ಕಾಗದ ಕೈಸೇರಿದವು. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ ಮಾರಾಯ್ತಿ. ಈಗೀಗ ಕೂತಲ್ಲೇ ಕಣ್ಣು ಎಳೆಯುತ್ತದೆ, ಮಲಗಿದರೆ ನಿದ್ದೆ ಬರುವುದಿಲ್ಲ. ನೆರೆ ಇಳಿದಿದೆ. ನಮ್ಮ ಮನೆ, ಹೊಲ ಎರಡೂ ಉಳಿದವು. ಒಡ್ಡು ಒಡೆದದ್ದು ಹೊಳೆಯ ಆಚೆ ದಡದಲ್ಲಿ. ಅಲ್ಲಿನ ಹೊಲ ನೋಡಲಾಗುವುದಿಲ್ಲ. ಕೀಳುವುದಕ್ಕೆ ಬಂದಿದ್ದ ಈರುಳ್ಳಿಯ ಮೇಲೆ ಮೊಣಕಾಲು ಮುಳುಗುವಷ್ಟು ಮರಳು.

ಮಗಳು, ಅಳಿಯ ಈಗ ನಮ್ಮಲ್ಲೇ ಇದ್ದಾರೆ. ಆಚೆ ದಡದ ಅವರ ಮನೆ ಗೋಡೆ ಸಮೇತ ಹೋಯಿತು. ಜೀವ ಉಳಿಯಿತಲ್ಲ, ಅದೇ ದೊಡ್ಡದು. ಅಳಿಯ ದಿನಾ ಸಲಿಕೆ ಹಿಡಿದು ಹೋಗಿ ಮರಳು ಎತ್ತಿಹಾಕಿ ಬರುತ್ತಾನೆ. "ಎಷ್ಟಾಯ್ತಪ್ಪಾ?" ಅಂದರೆ, "ಮರಳು ನನಗಿಂತ ಹಠಮಾರಿ, ಅತ್ತೆ" ಎಂದು ನಗುತ್ತಾನೆ. ಮಗಳು ನಗುವುದಿಲ್ಲ.

ಸಂಜೆ ಶಾಲೆಯ ಕೋಣೆಯಲ್ಲಿ ಸೇರಿ ಆಚೆ ದಡದ ರೈತರಿಗಾಗಿ ಪ್ರಾರ್ಥನೆ ಮಾಡುತ್ತೇವೆ. ಮಕ್ಕಳ ಬೆಂಚಿನಲ್ಲಿ ಮೈ ಹಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಮೊನ್ನೆ ಬಟ್ಟೆ ಹೊಲಿಯುವವಳು ಕೇಳಿದಳು: "ದೇವರ ಹತ್ರ ಏನಂತ ಕೇಳೋದು ಅಕ್ಕಾ? ಹೋದದ್ದು ವಾಪಸ್ ಕೊಡು ಅಂತಾನಾ?" ಮೇಷ್ಟ್ರು, "ಮೊದಲು ಅವರಿಗೆ ನಿದ್ದೆ ಕೇಳಮ್ಮ, ಆಮೇಲೆ ಬಿತ್ತನೆ ಬೀಜ" ಅಂದರು. ಎಲ್ಲರೂ ಅದನ್ನೇ ಕೇಳಿದೆವು. ನಿನ್ನ ಭಾವ ಎಲ್ಲರಿಗಿಂತ ಮೊದಲು ಬಂದು ಕೂರುತ್ತಾರೆ, ಎಲ್ಲರೂ ಎದ್ದಮೇಲೂ ಏಳುವುದಿಲ್ಲ. "ಯಜಮಾನರಿಗೆ ಎಂಥಾ ಭಕ್ತಿ!" ಎಂದು ಜನ ಹೇಳುತ್ತಾರೆ. ನಾನು ಬೆಂಚು ಸರಿಸಲು ಏಳುತ್ತೇನೆ.

ನೀವೂ ಅಲ್ಲಿ ಆಚೆ ದಡದವರಿಗಾಗಿ ಪ್ರಾರ್ಥಿಸುತ್ತಿದ್ದೀರೆಂದು ನೀನು ಬರೆದಿದ್ದೆ. ನಿಲ್ಲಿಸಬೇಡಿ. ನಮ್ಮ ದನಿ ಸೋತುಹೋಗಿದೆ. ಮಕ್ಕಳಿಗೆ ಮುತ್ತು. ನಿನ್ನ ಮನೆ ತಣ್ಣಗಿರಲಿ.

ನಿನ್ನ
ಅಕ್ಕ

ತಾ.ಕ.: ಇದು ನಿನ್ನಲ್ಲೇ ಇರಲಿ. ನೀರು ಏರಿದ ದಿನ ಊರೆಲ್ಲ ಒಡ್ಡಿನ ಮೇಲೆ ನಿಂತಿತ್ತು. ಎರಡರಲ್ಲಿ ಒಂದು ದಡ ಒಡೆಯುವುದು ಖಂಡಿತ, ಒಂದು ಒಡೆದರೆ ಇನ್ನೊಂದು ಉಳಿಯುತ್ತದೆ ಎಂದು ಎಲ್ಲರಿಗೂ ಗೊತ್ತಾಗಿತ್ತು. ಯಾರೋ "ದೇವರೇ, ಆ ಕಡೆ ಒಡೀಲಿ" ಅಂದರು. ಒಬ್ಬೊಬ್ಬರಾಗಿ ಉಳಿದವರೂ ಅಂದರು. ಪಕ್ಕದಲ್ಲೇ ನಿಂತಿದ್ದ ನಿನ್ನ ಭಾವ ಕೂಡ ಕಣ್ಣು ಮುಚ್ಚಿ, ಕೈಮುಗಿದು ಅಂದದ್ದು ನನ್ನ ಕಿವಿಗೆ ಬಿತ್ತು. ಆ ಗಳಿಗೆಯಲ್ಲಿ ಮಗಳ ನೆನಪೇ ಬರಲಿಲ್ಲವಂತೆ. ಈಗ ಅವಳು ಬಡಿಸಲು ಬಂದರೆ ತಲೆ ಎತ್ತುವುದಿಲ್ಲ. ನಿನ್ನೆ ಪಾತ್ರೆ ತೊಳೆಯುತ್ತ ಅವಳು ನನ್ನನ್ನು ಕೇಳಿದಳು: "ಅಮ್ಮಾ, ನಾವು ಬಂದು ಉಳಿದದ್ದು ಅಪ್ಪನಿಗೆ ಭಾರ ಆಯ್ತಾ?"