ಕೆಡವದೆ ಉಳಿದ ಗೋಡೆ

ನಂಜನಗೂಡು
ಭಾನುವಾರ

ಅವ್ವಾ ಭಾನುಪ್ರಿಯಾ,

ನೀನು ಫೋನ್ ಎತ್ತುತ್ತಿಲ್ಲ. ತಪ್ಪು ನಿನ್ನದಲ್ಲ, ಅದಕ್ಕೇ ಈ ಕಾಗದ.

ನಮ್ಮ ತರಬೇತಿ ಕೇಂದ್ರದಲ್ಲಿ ಸಿಮೆಂಟಿನ ಬದಲು ಮಣ್ಣು ಕಲಸಿ ಗೋಡೆ ಕಟ್ಟಿಸುತ್ತೇವೆ, ಸಂಜೆ ಕೆಡವಿ ಇಟ್ಟಿಗೆ ತೊಳೆದಿಡುತ್ತೇವೆ. ಪರೀಕ್ಷೆಯ ದಿನ ನೀನು ಕಟ್ಟಿದ ಗೋಡೆಯ ಮುಂದೆ ನಾನು ನಿನ್ನ ಬ್ಯಾಚಿನ ಪ್ರಸಾದನನ್ನು ನಿಲ್ಲಿಸಿದೆ. ಪರೀಕ್ಷೆ ಮಾಡಲು ಬಂದ ಸಾಹೇಬರು ರಸಮಟ್ಟ ಇಟ್ಟು ಗೋಡೆ ಸಮ ಇದೆಯೇ ಎಂದು ನೋಡಿ ಅವನಿಗೆ ಮೇಸ್ತ್ರಿ ಎಂದೂ ನಿನಗೆ ಹೆಲ್ಪರ್ ಎಂದೂ ಸರ್ಟಿಫಿಕೇಟು ಬರೆದರು. ಮೈಸೂರಿನ ಸೈಟುಗಳಲ್ಲಿ ಹೆಂಗಸಿನ ಕೈಗೆ ಯಾರು ಕರಣೆ ಕೊಡುತ್ತಾರೆ, ಅವನಿಗಾದರೂ ಕೆಲಸ ಸಿಗಲಿ ಎಂದುಕೊಂಡೆ. ನೀನು ಬಾಂಡ್ಲಿ ತೊಳೆದಿಟ್ಟು ನಿಮ್ಮೂರು ಮೂಗೂರಿನ ಬಸ್ಸು ಹತ್ತಿದೆ.

ನಿನ್ನೆ ಪ್ರಸಾದ್ ಬಂದಿದ್ದ. ಸೈಟಿನಲ್ಲಿ ಅವನು ಕಟ್ಟಿದ್ದನ್ನು ಇಂಜಿನಿಯರು ಎರಡು ಸಲ ಒಡೆಸಿದರಂತೆ. "ನಂಗೆ ಬರಾಕಿಲ್ಲ ಸಾ, ಭಾನಕ್ಕನ್ನೇ ಕರ್ಸಿ" ಅಂದ.

ನಾನು ಮಾಡಿದ್ದನ್ನು ಸಾಹೇಬರಿಗೆ ಹೇಳಿದ್ದೇನೆ. ಬುಧವಾರ ನಿನಗೆ ಮತ್ತೆ ಪರೀಕ್ಷೆ ಇಡುತ್ತಾರಂತೆ. ಆಧಾರ್ ಕಾರ್ಡು, ಎರಡು ಫೋಟೊ ತಾ. ಕರಣೆ ನನ್ನದೇ ಇದೆ. ನೀನು ಬಾರದಿದ್ದರೂ ಬೇಜಾರು ಮಾಡಿಕೊಳ್ಳುವ ಮುಖ ನನಗಿಲ್ಲ.

ಹೊಸ ಬ್ಯಾಚಿಗೆ ಇಟ್ಟಿಗೆ ಸಾಲುತ್ತಿಲ್ಲ. ಆದರೂ ನಿನ್ನ ಗೋಡೆ ಶೆಡ್ಡಿನಲ್ಲಿ ಹಾಗೇ ನಿಂತಿದೆ. ಬಂದರೆ ನೀನೇ ಕೆಡವು, ನನಗೆ ಕೈ ಬರುತ್ತಿಲ್ಲ.

ಇತಿ,
ಮೇಸ್ತ್ರಿ ಮಹಾದೇವಸ್ವಾಮಿ