ಡುಮ್ಮಾನೆಯ ತಲೆಯೊಳಗಿನ ಕೂದಲು

ಚಂದಾಪುರ
೧೮ ಮೇ ೨೦೦೯

ಗೆಳತಿ ಶರಣಮ್ಮನಿಗೆ ಸಿದ್ದಕ್ಕನ ನಮಸ್ಕಾರ.

ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯಲಿಲ್ಲ. ಬೈಯಿ, ಬೈಸಿಕೊಳ್ಳಬೇಕಾದವಳೇ ನಾನು. ಮಗಳಿಗೆ ಹಲ್ಲು ಬಂದದ್ದು ಓದಿ ಖುಷಿಯಾಯಿತು. ನಿನ್ನ ಮಗ ದಿನಾ ಸೀಡಿ ಹಾಕಿ ನೋಡುವ ಡುಮ್ಮಾನೆಯ ಸಿನಿಮಾ ಇದೆಯಲ್ಲ, ಅದನ್ನು ತೆಗೆದ ಕಂಪನಿಯದ್ದೇ ನಾವು ಕೆಲಸ ಮಾಡುವ ಈ ಮಕ್ಕಳ ಪಾರ್ಕು. ಇಲ್ಲಿ ಡುಮ್ಮಾನೆಯ ವೇಷದೊಳಗಿರುವವರು ನಮ್ಮ ಮನೆಯವರು. ವೇಷ ಒಗೆದು ಹೊಲಿಯುವವಳು ನಾನು. ವೇಷದೊಳಗಿದ್ದವರು ಮಾತಾಡುವಂತಿಲ್ಲ, ಜನರ ಮುಂದೆ ತಲೆ ತೆಗೆಯುವಂತಿಲ್ಲ, ಒಬ್ಬರ ವೇಷ ಇನ್ನೊಬ್ಬರು ಹಾಕುವಂತಿಲ್ಲ. ಕಂಪನಿಯ ಕಟ್ಟಳೆ.

ಕಳೆದ ತಿಂಗಳು ಒಗೆಯಲೆಂದು ಆನೆಯ ತಲೆಯೊಳಗಿನ ಸ್ಪಂಜು ಬಿಚ್ಚಿದೆ. ಮೊಳದುದ್ದದ ಕೂದಲು! ಸಂಪಿಗೆ ಎಣ್ಣೆಯ ವಾಸನೆ ಬೇರೆ. ನಮ್ಮವರ ತಲೆ ನಿನಗೆ ಗೊತ್ತಲ್ಲ, ಬೋಳುಗುಡ್ಡ. ಅದನ್ನು ಹಿಡಿದುಕೊಂಡೇ ಅವರ ಮುಂದೆ ಹೋಗಿ ನಿಂತೆ ಶರಣಿ. ಯಾರದೆಂದು ಕೇಳಿದ್ದಷ್ಟೇ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ತಡವರಿಸಿದರು. "ಒಗಿಯೂ ಮುಂದ ನಿಂದಽ ಬಿದ್ದಿರಬೇಕು ಬಿಡು" ಅಂದರು. ನಾನು ಕೊಬ್ಬರಿ ಎಣ್ಣೆ ಬಿಟ್ಟು ಬೇರೆ ಹಚ್ಚಿದ್ದುಂಟೇ?

ಅಂದಿನಿಂದ ನನ್ನ ಕಣ್ಣು ಮಹಾನಂದಾಳ ಮೇಲೆ. ಅಳಿಲಿನ ವೇಷದವಳು, ಬಿಜಾಪುರದ ಕಡೆಯ ಹುಡುಗಿ. ಜಡೆ ಸೊಂಟದ ಕೆಳಗಿಳಿಯುತ್ತದೆ. ನೆಪ ಮಾಡಿಕೊಂಡು ಹತ್ತಿರ ಹೋಗಿ ಮೂಸಿದೆ. ಸಂಪಿಗೆಯೇ! ಊಟವಾದ ಮೇಲೆ ಅವಳೂ ನಮ್ಮವರೂ ವೇಷದ ಕೋಣೆ ಹೊಕ್ಕು ಚಿಲಕ ಹಾಕಿಕೊಳ್ಳುವುದನ್ನೂ ಕಣ್ಣಾರೆ ಕಂಡೆ. ಸೂಪರ್‌ವೈಸರ್ ರಾಜೇಂದ್ರ ಅವರ ಬಳಿ ಹೋಗಿ, "ಸಾರ್, ಊಟ ಆದಮ್ಯಾಲೆ ವೇಷದ ಕೋಣಿ ಒಮ್ಮೆ ನೋಡ್ರಿ. ನಾ ಹೇಳಿದ್ದು ಯಾರಿಗೂ ಹೇಳಬ್ಯಾಡ್ರಿ" ಅಂದೆ.

ಮರುದಿನ ಅವರು ಬಾಗಿಲು ಬಡಿದಾಗ ಬಟ್ಟೆಯ ಬುಟ್ಟಿ ಹಿಡಿದು ನಾನೂ ಹಿಂದೆಯೇ ನಿಂತಿದ್ದೆ. ಬಾಗಿಲು ತೆರೆದದ್ದು ಡುಮ್ಮಾನೆ. ರಾಜೇಂದ್ರ ಅದರ ತಲೆ ಕಿತ್ತರೆ, ಒಳಗೆ ಮಹಾನಂದಾ! ನಮ್ಮವರು ಫ್ಯಾನಿನ ಕೆಳಗೆ ನೆಲದ ಮೇಲೆ ಬಿದ್ದುಕೊಂಡು ಏದುಸಿರು ಬಿಡುತ್ತಿದ್ದರು.

"ಏನಮ್ಮಾ ಇದು? ಎಷ್ಟ್ ದಿನದಿಂದ ನಡೀತಿದೆ?"

"ಎರಡು ತಿಂಗಳಾತ್ರಿ ಸಾರ್. ಬಿಸಿಲಾಗ ಆನಿಯೊಳಗ ನಿಂತ್ರ ಸಂಗಣ್ಣಗ ಕಣ್ಣು ಕತ್ತಲಿ ಬರತೈತ್ರಿ. ಡಾಕ್ಟ್ರು ಎದಿ ವೀಕ್ ಅಂದಾರ. ಅಕ್ಕ ಗಾಬರಿ ಆಗ್ತಾಳಂತ ಹೇಳಿಲ್ರಿ. ಮಧ್ಯಾಹ್ನ ಅಳಿಲಿನ ಆಟ ಇರೂದಿಲ್ಲ, ಅದಕ್ಕ ನಾನಽ ಹಾಕ್ಕೊಂತೀನಿ."

ಭೂಮಿ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು. ಮಹಾನಂದಾಳನ್ನು ಅಂದೇ ಕೆಲಸದಿಂದ ತೆಗೆದರು. ನಮ್ಮವರನ್ನು "ಹುಷಾರಾದ್ಮೇಲೆ ನೋಡೋಣ" ಎಂದು ಮನೆಗೆ ಕಳಿಸಿದ್ದಾರೆ. ಡುಮ್ಮಾನೆಯೊಳಗೆ ಈಗ ಯಾರೋ ಹೊಸಬ.

ಮಕ್ಕಳಿಗೆ ನನ್ನ ಆಶೀರ್ವಾದ, ನೂರ್ಕಾಲ ಬಾಳಲಿ. ಆನೆಯೊಳಗೆ ಮನುಷ್ಯರಿರುತ್ತಾರೆಂದು ಮಗನಿಗೆ ಮಾತ್ರ ಹೇಳಬೇಡ.

ನಿನ್ನ
ಸಿದ್ದಕ್ಕ

ತಾ.ಕ.: ಊರಿಗೆ ಹೊರಡುವ ಮೊದಲು ಮಹಾನಂದಾ ಮನೆಗೆ ಬಂದಿದ್ದಳು. "ಯಾರು ಚಾಡಿ ಹೇಳಿರಬೇಕಕ್ಕಾ?" ಎಂದು ನನ್ನ ಕೈ ಹಿಡಿದು ಅತ್ತಳು. ಪಾರ್ಕಿನಲ್ಲಿ ಕಸ ಗುಡಿಸುವ ದುರ್ಗವ್ವನೇ ಇರಬೇಕೆಂದರು ನಮ್ಮವರು. "ಹೌದು, ಆಕೀನಽ" ಅಂದುಬಿಟ್ಟೆ. ಇಂದು ಬೆಳಗ್ಗೆ ಆ ದುರ್ಗವ್ವ ಗಂಜಿ ಮಾಡಿಕೊಂಡು ಇವರನ್ನು ನೋಡಲು ಬಂದಿದ್ದಳು. "ಬಾಗಲಾ ಹಾಕಽ" ಎಂದರು ಇವರು. ಅವಳ ಮುಖದ ಮೇಲೆ ಬಾಗಿಲು ಹಾಕಿದೆ ಶರಣಿ.